ಬಿಡಕ್ಕ ಹೇಳಿದ ‘ಬಿಡು’

ಆಫೀಸಿನಲ್ಲಿ ಅವರಿಗೆ ಬಿಡಕ್ಕ ಎಂದು ಹೆಸರಿಟ್ಟವಳು ನಾನೇ. ಇವತ್ತು ಅದಕ್ಕೆ ನಾಚಿಕೆಯಾಗುತ್ತದೆ. ಆಗ ಮಾತ್ರ ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಯಾರಾದರೂ ಅವರ ಕಾಲು ತುಳಿದರೆ ‘ಬಿಡಿ’. ಅವರಿಗೆ ತಂದಿಟ್ಟ ಟೀ ಇನ್ಯಾರೋ ಎತ್ತಿಕೊಂಡು ಕುಡಿದರೆ ‘ಕುಡೀಲಿ ಬಿಡಿ’. ಕೇಳಿದ ರಜೆ ಸಿಗದಿದ್ದರೆ ‘ಹೋಗ್ಲಿ ಬಿಡಿ’. ವಯಸ್ಸು ಐವತ್ತೊಂದು, ಕನ್ನಡಕಕ್ಕೆ ಕಪ್ಪು ದಾರ, ದಿನಕ್ಕೆ ನೂರು ಸಲ ಈ ಮಾತು. ಹೆಸರು ಅಂಟಿಕೊಂಡಿತು. ಅವರೂ ಅದಕ್ಕೆ ಹೇಳಿದ್ದು ಅದೇ: ‘ಕರೀಲಿ ಬಿಡು.’

ನಮ್ಮದು ಗೇಮ್ ಕಂಪನಿ ಎಂದರೆ ಅರ್ಧ ಸುಳ್ಳಾಗುತ್ತದೆ. ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಗಳಿವೆಯಲ್ಲ, ಅವನ್ನು ಮಾಡುವವರು ಬೇರೆ, ದೊಡ್ಡವರು. ನಾವು ಮಾಡುತ್ತಿದ್ದುದು ಅವುಗಳ ಹೊಟ್ಟೆಗೆ ಕಚ್ಚಿಕೊಳ್ಳುವ, ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಡಬ್ಬಿ. ಅದರಲ್ಲಿ ಒಂದು ಮೈಕು, ಒಂದು ಪುಟ್ಟ ಸ್ಪೀಕರು. ಆಟದೊಳಗಿನವರು ಪರಭಾಷೆಯಲ್ಲಿ ಆಡುವ ಮಾತನ್ನು ಅದು ಕನ್ನಡದಲ್ಲಿ ಹೇಳುತ್ತದೆ. ನಾವು ಕನ್ನಡದಲ್ಲಿ ‘ಓಡು’, ‘ಹಾರು’ ಎಂದರೆ ಆಟದ ವೀರ ಓಡುತ್ತಾನೆ, ಹಾರುತ್ತಾನೆ. ಪೆಟ್ಟಿಗೆಯ ಮೇಲೆ ಅದಕ್ಕೆ ಏನೋ ದೊಡ್ಡ ಹೆಸರು ಅಚ್ಚಾಗಿತ್ತು. ನಾವು ಕರೆಯುತ್ತಿದ್ದುದು ಜಿಗಣೆ ಎಂದು. ಜಿಗಣೆಗೆ ಕನ್ನಡ ಕಲಿಸುವುದು ನಮ್ಮ ಮೂವರ ಕೆಲಸ. ಬಿಡಕ್ಕ ಮಾತಾಡಬೇಕು, ನಾನು ಕೇಳಿಸಿಕೊಂಡು ಯಾವ ಮಾತಿಗೆ ಯಾವ ಅರ್ಥ ಎಂದು ಪಟ್ಟಿಗೆ ಹಾಕಬೇಕು, ಇಂಜಿನಿಯರು ಅದನ್ನು ಯಂತ್ರಕ್ಕೆ ಉಣಿಸಬೇಕು.

ಬಿಡಕ್ಕ ಮಾತಾಡುತ್ತಿದ್ದುದು ಒಂದು ಗೂಡಿನಲ್ಲಿ. ಗೂಡು ಎಂದರೆ ಬಟ್ಟೆಯ ಬೀರುವಿಗಿಂತ ಒಂದು ಗೇಣು ಅಗಲ, ಅಷ್ಟೆ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು. ಸದ್ದಾಗುತ್ತದೆಂದು ಫ್ಯಾನಿಲ್ಲ. ಬಾಗಿಲಿನ ಒಳಗಡೆಯ ಹಿಡಿ ಕಿರುಗುಟ್ಟುತ್ತಿತ್ತೆಂದು ಅದನ್ನೂ ಬಿಚ್ಚಿ ತೆಗೆದಿದ್ದರು. ಹೊರಗೆ ಬರಬೇಕಾದರೆ ಅವರು ಗಾಜಿನ ಕಿಂಡಿಯಲ್ಲಿ ಕೈ ಎತ್ತಬೇಕು, ನಾನು ಎದ್ದು ಹೋಗಿ ತೆಗೆಯಬೇಕು. ಒಂದು ದಿನ ನಾನು ತಲೆ ಬಗ್ಗಿಸಿ ಬರೆಯುತ್ತಿದ್ದವಳು ಅವರ ಕೈಯನ್ನು ನೋಡಲೇ ಇಲ್ಲ. ಇಪ್ಪತ್ತು ನಿಮಿಷ ಹಾಗೇ ನಿಂತಿದ್ದರಂತೆ. ಬಾಗಿಲು ತೆಗೆದಾಗ ಬೆವರಿ ತೊಪ್ಪೆಯಾಗಿದ್ದರು.

‘ಕೂಗೋದಲ್ವಾ ಅಕ್ಕ? ಮೈಕು ಮುಂದೇನೇ ಇದೆ!’ ತಪ್ಪು ನನ್ನದು, ರೇಗಿದ್ದೂ ನಾನೇ.

‘ನೀನೇನೋ ಬರೀತಿದ್ದೆ. ಯಾಕೆ ಸುಮ್ನೆ ತೊಂದ್ರೆ ಕೊಡೋದು ಅಂತ. ಬಿಡು.’

ಆ ಧ್ವನಿ ಮೊದಲು ಬಸ್ ನಿಲ್ದಾಣದ್ದು. ಹತ್ತು ವರ್ಷ ವಿಚಾರಣೆಯ ಕೌಂಟರಿನ ಹಿಂದೆ ಕೂತು ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ಊರಿಗೆಲ್ಲ ಸಾರಿದವರು. ಆಗ ಅವರು ಮಹಿಳೆಯರ ಹಾಸ್ಟೆಲಿನಲ್ಲಿದ್ದರು. ಮದುವೆ ಕೂಡಿಬರಲಿಲ್ಲ, ಅದಕ್ಕಾಗಿ ಕೊರಗಲೂ ಇಲ್ಲ. ಮೂವತ್ತಮೂರನೇ ವಯಸ್ಸಿನಲ್ಲಿ, ಅತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ, ಒಂದು ಸೂಟ್‌ಕೇಸ್ ಹಿಡಿದು ಹದಿನೈದು ದಿನಕ್ಕೆಂದು ಅಣ್ಣನ ಮನೆಗೆ ಬಂದರು. ಸೊಂಟ ಮೂರು ತಿಂಗಳಲ್ಲಿ ಕೂಡಿಕೊಂಡಿತು. ಅಷ್ಟರಲ್ಲಿ ಅಣ್ಣನ ಮಗಳ ಪರೀಕ್ಷೆ ಬಂತು. ಆಮೇಲೆ ಮಗನಿಗೆ ಟೈಫಾಯ್ಡ್, ಆಮೇಲೆ ಮನೆಗೆ ಸುಣ್ಣ ಬಣ್ಣ, ಆಮೇಲೆ ಇನ್ನೇನೋ. ಹಾಸ್ಟೆಲಿನವರು ಮಂಚವನ್ನು ಬೇರೆಯವರಿಗೆ ಕೊಟ್ಟರು. ಹದಿನೈದು ದಿನ ಹದಿನೆಂಟು ವರ್ಷವಾಯಿತು.

ಆ ಮನೆಯವರು ಇವರನ್ನು ಗೋಳು ಹೊಯ್ದುಕೊಂಡಿದ್ದರೆ ನನಗೆ ಈ ಕಥೆ ಹೇಳುವುದು ಸಲೀಸಾಗುತ್ತಿತ್ತು. ಹಾಗೇನಿಲ್ಲ. ಅತ್ತಿಗೆ ತಮಗೆ ಸೀರೆ ತಂದರೆ ಇವರಿಗೂ ಒಂದು ತರುತ್ತಿದ್ದರು, ತಮ್ಮದಕ್ಕಿಂತ ಒಳ್ಳೆಯದನ್ನೇ. ಅಣ್ಣ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತರಾದವರು, ಮೆದು ಮಾತಿನ ಮನುಷ್ಯ. ‘ಬಸ್ಸಲ್ಲಿ ಯಾಕೆ ನುಗ್ಗಾಡ್ತೀಯ?’ ಎಂದು ದಿನಾ ಎಂಟೂವರೆಗೆ ಸ್ಕೂಟರಿನಲ್ಲಿ ಕೂರಿಸಿಕೊಂಡು ಬರುತ್ತಿದ್ದರು. ಸಂಜೆ ನಾವು ಇನ್ನೂ ಕೆಲಸ ಮಾಡುತ್ತಿರುವಾಗಲೇ ಗೇಟಿನ ಹೊರಗೆ ಬಂದು ನಿಂತಿರುತ್ತಿದ್ದರು. ತಂಗಿಗೊಂದು ಹೆಲ್ಮೆಟ್ ಬೇರೆ. ‘ಅಣ್ಣ ಅಂದ್ರೆ ಹೀಗಿರ್ಬೇಕು’ ಎಂದು ನಮ್ಮ ಆಫೀಸಿನ ಹೆಂಗಸರೆಲ್ಲ ಹೊಟ್ಟೆಕಿಚ್ಚು ಪಡುತ್ತಿದ್ದರು. ಹೀಗಾಗಿ ಹದಿನೆಂಟು ವರ್ಷದಲ್ಲಿ ಬಿಡಕ್ಕ ಒಂದು ಬೀದಿಯನ್ನಾದರೂ ಒಬ್ಬರೇ ನಡೆದು ದಾಟಿದ್ದು ಅಪರೂಪ. ಅವರು ಮಲಗುತ್ತಿದ್ದುದು ಅಡಿಗೆಮನೆಗೂ ಹಾಲಿಗೂ ನಡುವಿನ ಓಣಿಯಲ್ಲಿ ಹಾಕಿದ ಮಂಚದ ಮೇಲೆ. ನೀರು ಕುಡಿಯಲು ಎದ್ದವರೆಲ್ಲ ಅವರ ಕಾಲಿನ ಪಕ್ಕದಲ್ಲೇ ಹಾದುಹೋಗಬೇಕು. ಮಕ್ಕಳು ಬೇರೆ ಊರು ಸೇರಿ ಒಂದು ಕೋಣೆ ಖಾಲಿಯಾದ ಮೇಲೂ ಮಂಚ ಓಣಿಯಲ್ಲೇ ಉಳಿಯಿತು, ಯಾಕೆಂದರೆ ಮಕ್ಕಳು ರಜೆಗೆ ಬಂದರೆ ಕೋಣೆ ಬೇಕಲ್ಲ. ಇದನ್ನೆಲ್ಲ ಅವರು ದೂರಿಕೊಂಡು ಹೇಳಿದ್ದಲ್ಲ. ನಾನು ಕೆದಕಿ ಕೆದಕಿ ತಿಳಿದುಕೊಂಡದ್ದು.

ಜಿಗಣೆ ಅಂಗಡಿಗೆ ಹೋದ ಎರಡೇ ವಾರಕ್ಕೆ ದೂರು ಬರಲು ಶುರುವಾಯಿತು. ಒಂದು ಆಟದಲ್ಲಿ ವೀರ ಹಗ್ಗ ಹಿಡಿದು ಬೆಟ್ಟ ಹತ್ತುತ್ತಾನೆ. ‘ಹಿಡಿ’ ಎಂದರೆ ಹಗ್ಗ ಹಿಡಿಯಬೇಕು, ‘ಬಿಡು’ ಎಂದರೆ ಬಿಟ್ಟು ಪಕ್ಕದ ಬಂಡೆಗೆ ಜಿಗಿಯಬೇಕು. ಸಮಯ ನೋಡಿ ಹೇಳದಿದ್ದರೆ ಕೆಳಗೆ ಪ್ರಪಾತ. ನಮ್ಮ ಜನ ಬಾಯಿ ಮುಚ್ಚಿಕೊಂಡು ಆಡುವವರಲ್ಲ. ಪಕ್ಕದಲ್ಲಿ ಕೂತವನು ‘ಹತ್ತಿಬಿಡು, ಹತ್ತಿಬಿಡು’ ಎಂದು ಹುರಿದುಂಬಿಸಿದರೆ ವೀರ ಹಗ್ಗ ಬಿಟ್ಟು ಪ್ರಪಾತಕ್ಕೆ. ‘ಹೋಗ್ಲಿ ಬಿಡೋ’ ಎಂದು ಸಮಾಧಾನ ಹೇಳಿದರೆ, ಆಗಷ್ಟೇ ಮತ್ತೆ ಹುಟ್ಟಿಬಂದ ವೀರ ಮತ್ತೆ ಪ್ರಪಾತಕ್ಕೆ. ಒಬ್ಬ ಪುಣ್ಯಾತ್ಮ ತನ್ನ ವೀರ ಒಂದೇ ಮಧ್ಯಾಹ್ನ ನಲವತ್ತು ಸಲ ಸತ್ತನೆಂದು ಕಂಪನಿಗೆ ಕಾಗದ ಬರೆದಿದ್ದ.

‘ಒಂದ್ ಪದಕ್ಕೆ ಎಷ್ಟ್ರೀ ಅರ್ಥ?’ ಎಂದು ಇಂಜಿನಿಯರು ತಲೆ ಕೆರೆದುಕೊಂಡರು. ಅವರೂ ಕನ್ನಡದವರೇ, ಆದರೆ ಭಾಷೆ ಹೀಗೆ ಕೈಕೊಡುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

‘ಮಳೆ ಬಿಡುತ್ತೆ, ಗಿಡ ಹೂ ಬಿಡುತ್ತೆ, ಜನ ಸಿಗರೇಟ್ ಬಿಡ್ತಾರೆ, ಕೆಲವ್ರು ಬುರುಡೆ ಬಿಡ್ತಾರೆ. ಎಷ್ಟು ಬೇಕು ಹೇಳಿ, ಬರ್ಕೊಡ್ತೀನಿ,’ ಎಂದೆ.

‘ಜಿಗಣೆ ತಲೇಲಿ ಅಷ್ಟೆಲ್ಲ ಜಾಗ ಇಲ್ಲ. ಎರಡೇ ಮನೆ ಮಾಡಿ.’

ಎರಡೇ ಮಾಡಿದೆ. ಒಂದಕ್ಕೆ ‘ಕೈಬಿಡು’ ಎಂದೂ ಇನ್ನೊಂದಕ್ಕೆ ‘ಹೋಗಲಿಬಿಡು’ ಎಂದೂ ಹೆಸರು ಬರೆದೆ. ಬಿಡಕ್ಕ ಒಂದೊಂದನ್ನೂ ನೂರಾರು ರೀತಿಯಲ್ಲಿ ಹೇಳಬೇಕು, ಸಿಟ್ಟಿನಲ್ಲಿ, ನಗುತ್ತ, ಅವಸರದಲ್ಲಿ, ದಣಿದು. ಯಂತ್ರ ಅದನ್ನು ಕೇಳಿ, ಕೈಬಿಡು ಎನಿಸಿದರೆ ಹಸಿರು ದೀಪ, ಹೋಗಲಿಬಿಡು ಎನಿಸಿದರೆ ನೀಲಿ ದೀಪ ತೋರಿಸುತ್ತದೆ. ಹೋಗಲಿಬಿಡು ಎರಡೇ ದಿನದಲ್ಲಿ ಮುಗಿಯಿತು. ಅದರಲ್ಲಿ ಅವರು ಪಳಗಿದ ಕೈ. ಕೈಬಿಡು ಮಾತ್ರ ಹಠಕ್ಕೆ ಬಿತ್ತು. ಅವರು ಏನು ಮಾಡಿದರೂ ನೀಲಿ. ಗಟ್ಟಿಯಾಗಿ ಹೇಳಿದರೂ ನೀಲಿ, ಹಲ್ಲು ಕಚ್ಚಿ ಹೇಳಿದರೂ ನೀಲಿ.

‘ಸ್ವಲ್ಪ ಜೋರು ಮಾಡಿ ಮೇಡಂ. ಆ ವೀರ ನಿಮ್ಮ ಮಾತು ಕೇಳ್ತಿಲ್ಲ ಅಂದ್ಕೊಳ್ಳಿ,’ ಎಂದರು ಇಂಜಿನಿಯರು.

ಗೂಡಿನೊಳಗಿಂದ ಉತ್ತರ ಬಂತು: ‘ಕೇಳ್ದಿದ್ರೆ ಬಿಡಿ, ಪಾಪ. ಅವನಿಗೇನ್ ಕಷ್ಟಾನೋ.’

ಮತ್ತೆ ನೀಲಿ. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಗಾಜಿನ ಕಿಂಡಿಯಲ್ಲಿ ನೋಡಿದರೆ ಬಿಡಕ್ಕ ನಗುತ್ತಿರಲಿಲ್ಲ.

ಆ ದಿನ ಊಟದ ಡಬ್ಬಿ ಮುಚ್ಚುತ್ತ ಅವರು ಹೇಳಿದರು, ‘ನಂಗೊಂದು ರೂಮ್ ಬೇಕಿತ್ತು ಕಣೇ.’

‘ಯಾರಿಗೆ?’

‘ನಂಗೆ. ಒಬ್ಳಿಗೇ.’ ಮುಚ್ಚಳವನ್ನು ಇನ್ನೂ ಒತ್ತುತ್ತಲೇ ಇದ್ದರು, ಅದು ಆಗಲೇ ಮುಚ್ಚಿತ್ತು. ‘ಇನ್ನು ಎಷ್ಟು ವರ್ಷ ಇರ್ತೀನೋ. ಒಂದ್ ಬಾಗಿಲು ಹಾಕ್ಕೊಂಡು ಒಳಗಿರ್ಬೇಕು ಅನ್ಸುತ್ತೆ. ಯಾರ ಮೇಲೂ ಬೇಜಾರಿಲ್ಲ. ಆ ಓಣೀಲಿ ಉಸಿರು ಕಟ್ಟುತ್ತೆ, ಅಷ್ಟೆ.’

ನನ್ನ ಮೈಯೆಲ್ಲ ಕಿವಿಯಾಯಿತು. ನಾನಿದ್ದ ಕಟ್ಟಡದಲ್ಲಿ, ನನ್ನ ಮನೆಯ ಮೇಲಿನ ಒಂದೇ ಕೋಣೆಯ ಮನೆ ಖಾಲಿಯಾಗಿ ವಾರವಾಗಿತ್ತು. ಆಫೀಸಿನಿಂದ ನಡೆದರೆ ಹತ್ತು ನಿಮಿಷ. ಮರುದಿನವೇ ಊಟದ ಹೊತ್ತಿನಲ್ಲಿ ಅವರನ್ನು ಎಳೆದುಕೊಂಡು ಹೋದೆ. ಮನೆಯೊಡತಿ ಕೀಲಿ ಕೊಟ್ಟರು. ಹೇಳಿಕೊಳ್ಳುವಂಥ ಕೋಣೆಯೇನಲ್ಲ. ಮೂಲೆಯಲ್ಲಿ ಒಲೆಯ ಕಟ್ಟೆ, ಒಂದು ನಲ್ಲಿ, ರಸ್ತೆಗೆ ತೆರೆಯುವ ಒಂದು ಕಿಟಕಿ. ಅವರು ಒಳಗೆ ಹೋದರು, ನನ್ನ ಕಡೆ ಒಮ್ಮೆ ನೋಡಿ ಬಾಗಿಲು ಹಾಕಿಕೊಂಡರು, ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ನಾನು ಹತ್ತು ನಿಮಿಷ ಮೆಟ್ಟಿಲ ಮೇಲೆ ಕೂತಿದ್ದೆ. ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿತ್ತು.

‘ಬಾಗಿಲು ಚೆನ್ನಾಗಿದೆ,’ ಎಂದರು.

ಮನೆಯೊಡತಿ ಭಾನುವಾರದವರೆಗೆ ಕಾಯಲು ಒಪ್ಪಿದರು. ಅಷ್ಟರೊಳಗೆ ಬಂದು ಸೇರಬೇಕು, ಇಲ್ಲವೆಂದರೆ ಕೇಳಿಕೊಂಡು ಬಂದ ಇನ್ನೊಬ್ಬರಿಗೆ ಕೊಡುತ್ತಾರೆ. ಕೋಣೆ ಸಿಕ್ಕಿದ ಹಾಗೇ ಲೆಕ್ಕ. ಉಳಿದದ್ದು ಒಂದೇ ಕೆಲಸ, ಅಣ್ಣನಿಗೆ ಹೇಳುವುದು.

ಗುರುವಾರ ಹೇಳಲು ಹೋದರು, ಆಗಲಿಲ್ಲ. ‘ನಿನ್ ಹತ್ರ ಒಂದ್ ಮಾತಾಡ್ಬೇಕು’ ಎಂದು ಶುರುಮಾಡಿದ್ದರಂತೆ. ಅತ್ತಿಗೆ ಗಾಬರಿಯಾಗಿ ‘ಮೈಗೆ ಹುಷಾರಿಲ್ವಾ?’ ಎಂದು ಹಣೆ ಮುಟ್ಟಿ ನೋಡಿದರಂತೆ. ಅಲ್ಲಿಗೆ ಮಾತು ಮುಗಿಯಿತು. ನನಗೆ ಸಿಟ್ಟು ನೆತ್ತಿಗೇರಿತು. ಇವರು ಪೀಠಿಕೆ ಹಾಕಿದರೆ ಕೆಟ್ಟರು, ಉದ್ದ ಮಾತಾಡಿದರೆ ಕರಗಿಬಿಡುತ್ತಾರೆ. ಹಾಗಾಗಿ ಮಾತನ್ನು ನಾನೇ ಕಡೆದು ಕೊಡಲು ಕೂತೆ. ಮಾತು ತೂಗುವುದು ನನ್ನ ಕಸುಬಲ್ಲವೇ? ಬೇಡವಾದದ್ದನ್ನೆಲ್ಲ ಕಿತ್ತು ಹಾಕಿ ಇಷ್ಟು ಉಳಿಸಿದೆ: ‘ಅಣ್ಣ, ನಾನು ಹೋಗ್ಬೇಕು. ನನ್ನ ಬಿಡು.’

ಶುಕ್ರವಾರ ಇಂಜಿನಿಯರು ಊಟಕ್ಕೆ ಹೋದಾಗ ಬಿಡಕ್ಕನನ್ನು ಗೂಡಿನಲ್ಲಿ ನಿಲ್ಲಿಸಿ ಅದನ್ನೇ ಹೇಳಿಸಿದೆ. ಮೊದಲ ಸಲ ನೀಲಿ. ಹತ್ತನೆಯ ಸಲವೂ ನೀಲಿ. ‘ಆ ಬಾಗಿಲನ್ನ ನೆನೆಸ್ಕೊಳ್ಳಿ ಅಕ್ಕ’ ಎಂದೆ. ಅವರು ಕನ್ನಡಕ ತೆಗೆದರು. ಆಮೇಲೆ ಹೇಳಿದರು. ಹೆಡ್‌ಫೋನಿನಲ್ಲಿ ಆ ಧ್ವನಿ ಕೇಳಿ ನನಗೇ ಜುಮ್ಮೆಂದಿತು. ಹಸಿರು ದೀಪ ಹತ್ತಿತು. ನಾನು ಕುರ್ಚಿಯಿಂದ ಎದ್ದು ಕುಣಿದೆ. ಬಿಡಕ್ಕ ಗಾಜಿನಾಚೆ ಬಾಯಿಗೆ ಕೈ ಮುಚ್ಚಿಕೊಂಡು ನಗುತ್ತಿದ್ದರು, ಮಗುವಿನ ಹಾಗೆ.

ಭಾನುವಾರ ಬೆಳಿಗ್ಗೆ ಎದ್ದವಳೇ ಆ ಕೋಣೆ ಗುಡಿಸಿ, ಒರೆಸಿ, ನನ್ನದೇ ಒಂದು ಚಾಪೆ ಹಾಸಿ, ಒಂದು ಕೊಡ ನೀರು ಹಿಡಿದಿಟ್ಟೆ. ಹನ್ನೊಂದರ ಹೊತ್ತಿಗೆ ಕೆಳಗೆ ಸ್ಕೂಟರಿನ ಸದ್ದು ಕೇಳಿಸಿತು. ಕಿಟಕಿಯಲ್ಲಿ ಇಣುಕಿದೆ. ಅಣ್ಣ ಮುಂದೆ, ಬಿಡಕ್ಕ ಹಿಂದೆ. ಸೂಟ್‌ಕೇಸ್ ಇರಲಿಲ್ಲ. ಇವರ ಕೈಯಲ್ಲಿ ಇದ್ದದ್ದು ದಿನಾ ಆಫೀಸಿಗೆ ತರುವ ಚೀಲ ಮಾತ್ರ. ಅಣ್ಣ ತಲೆ ಎತ್ತಿ ನನ್ನನ್ನು ನೋಡಿ, ನಗುತ್ತ ಕೈಬೀಸಿದರು.

ಬಿಡಕ್ಕ ಮೆಟ್ಟಿಲು ಹತ್ತಿ ಬಂದು ಚಾಪೆಯ ಮೇಲೆ ಕೂತರು.

‘ಹೇಳ್ಲಿಲ್ವಾ?’ ಎಂದೆ.

‘ಹೇಳ್ದೆ. ನೀನು ಹೇಳ್ಕೊಟ್ಟ ಹಾಗೇ ಹೇಳ್ದೆ. ಒಂದಕ್ಷರ ಆಚೀಚೆ ಮಾಡ್ಲಿಲ್ಲ.’

‘ಮತ್ತೆ? ಏನಂದ್ರು?’

‘“ಅದಕ್ಯಾಕೆ ಹೀಗೆ ನಡುಗ್ತೀಯ? ಎಲ್ಲಿಗೆ ಬಿಡ್ಬೇಕು ಹೇಳು” ಅಂದ. ಸ್ಕೂಟರ್ ಕೀ ತಗೊಂಡ.’

ತಿಂಗಳುಗಟ್ಟಲೆ ಆ ಒಂದು ಪದವನ್ನೇ ಉಂಡು ಅದನ್ನೇ ಹೊದ್ದು ಮಲಗಿದವಳು ನಾನು. ಎರಡು ಮನೆ ಮಾಡಿ, ಎಲ್ಲ ಬಿಡುಗಳನ್ನೂ ಅದರೊಳಗೆ ತುಂಬಿ, ಕೆಲಸ ಗೆದ್ದೆನೆಂದು ಕುಣಿದವಳು. ದಿನಾ ಬೆಳಿಗ್ಗೆ ಎಂಟೂವರೆಗೆ ಆ ಅಣ್ಣತಂಗಿಯರ ನಡುವೆ ‘ಬಿಡು’ ಎಂದರೆ ಏನರ್ಥ ಎಂಬುದು ನನಗೆ ಹೊಳೆಯಲೇ ಇಲ್ಲ. ಯಂತ್ರಕ್ಕೆ ತಿಳಿದದ್ದು ಒಡಹುಟ್ಟಿದವರಿಗೆ ತಿಳಿಯಲಿಲ್ಲ. ತಿಳಿಯದ ಹಾಗೆ ಮಾತು ಕಡೆದು ಕೊಟ್ಟವಳು ನಾನು.

‘ಹಾಗಲ್ಲ ಅಂತ ಹೇಳ್ಬೇಕಿತ್ತು ಅಕ್ಕ!’

‘ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಹೆಲ್ಮೆಟ್ ಒರೆಸ್ತಾ ಕೂತಿದ್ದ. ನಿನ್ನ ಮನೆಗೆ ಅಂದ್ಬಿಟ್ಟೆ.’ ಅವರು ಚಾಪೆಯ ಅಂಚನ್ನು ಬೆರಳಲ್ಲಿ ಸವರಿದರು. ‘ಅತ್ತಿಗೆಗೂ ಖುಷಿಯಾಯ್ತು. ಒಬ್ಳೇ ಎಲ್ಲೂ ಹೋಗಲ್ಲ, ಪಾಪ, ಇವತ್ತಾದ್ರೂ ಸ್ನೇಹಿತೆ ಮನೆಗೆ ಹೊರಟ್ಲಲ್ಲ ಅಂತ. ಬಾಗಿಲವರೆಗೂ ಬಂದು ಕಳಿಸಿದ್ರು.’

‘ಈಗ ಹೇಳಿ. ಇಲ್ಲೇ ಕೆಳಗಿದಾರೆ.’

ಅವರು ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಹೇಳಲಿಲ್ಲ. ಕಾಲು ಗಂಟೆ ನಿಂತರು, ಅರ್ಧ ಗಂಟೆ ನಿಂತರು. ಬಾಗಿಲು ಹಾಕಿಕೊಳ್ಳಲೂ ಇಲ್ಲ. ನನಗೆ ತಡೆಯಲಾಗಲಿಲ್ಲ. ಇವರಿಂದಾಗದಿದ್ದರೆ ನಾನೇ ಹೇಳುತ್ತೇನೆ ಎಂದು ದಡದಡ ಮೆಟ್ಟಿಲಿಳಿದೆ. ಆ ಹಾಳು ಪದದ ಗೊಡವೆಗೇ ಹೋಗಬಾರದು, ನೆಟ್ಟಗೆ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಉರುಹಾಕಿಕೊಂಡೆ.

ಅಣ್ಣ ಸ್ಕೂಟರನ್ನು ಗೋಡೆಯ ನೆರಳಿಗೆ ತಳ್ಳಿಕೊಂಡು ನಿಂತಿದ್ದರು. ಹಿಂದಿನ ಸೀಟಿಗೆ ಬಿಸಿಲು ಬೀಳುತ್ತಿತ್ತೆಂದು ಅದರ ಮೇಲೆ ತಮ್ಮ ಕರ್ಚೀಫು ಹಾಸಿದ್ದರು.

‘ಸಾರ್, ಅಕ್ಕ ಇಲ್ಲೇ ಇರ್ತಾರೆ,’ ಎಂದೆ.

‘ಇರ್ಲಿ, ಇರ್ಲಿ. ಎಷ್ಟೊತ್ತಾದ್ರೂ ಇರ್ಲಿ.’ ಅವರ ಮುಖ ಅರಳಿತು. ‘ನಂಗೇನಮ್ಮ ಕೆಲ್ಸ? ಕಾಯ್ತೀನಿ. ಅವಳಿಗೆ ಅಂತ ಒಬ್ಬ ಸ್ನೇಹಿತೆ ಸಿಕ್ಕಿದ್ದು ನಮಗೆಲ್ಲ ಎಷ್ಟು ಸಂತೋಷ ಗೊತ್ತಾ? ಇನ್ಮೇಲೆ ಪ್ರತಿ ಭಾನುವಾರ ನಾನೇ ತಂದು ಬಿಡ್ತೀನಿ.’

ಹಾಗಲ್ಲ ಸಾರ್ ಎನ್ನಬೇಕಿತ್ತು. ಇರ್ತಾರೆ ಅಂದ್ರೆ ಇನ್ಮುಂದೆ ಇಲ್ಲೇ, ಈ ಮನೇಲೇ ಎನ್ನಬೇಕಿತ್ತು. ಆ ಮನುಷ್ಯನ ಮುಖ ನೋಡುತ್ತ ಅದನ್ನು ಹೇಳುವುದೆಂದರೇನೆಂದು ಆಗ ಗೊತ್ತಾಯಿತು. ಹದಿನೆಂಟು ವರ್ಷ ಬಿಡಕ್ಕನಿಂದ ಅದು ಯಾಕೆ ಆಗಲಿಲ್ಲ ಎಂದೂ ಗೊತ್ತಾಯಿತು. ಆದರೂ ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬೆನ್ನ ಹಿಂದೆ ಚಪ್ಪಲಿಯ ಸದ್ದಾಯಿತು. ಬಿಡಕ್ಕ ಇಳಿದು ಬಂದಿದ್ದರು, ಭುಜಕ್ಕೆ ಚೀಲ ಹಾಕಿಕೊಂಡು.

‘ಇಷ್ಟು ಬೇಗ ಆಯ್ತಾ?’ ಎಂದರು ಅಣ್ಣ.

‘ಹೂಂ. ನಡಿ ಹೋಗೋಣ.’

ಅವರು ನನ್ನನ್ನು ದಾಟಿ ಹೋಗುತ್ತಿದ್ದಂತೆ ನಾನು ಅವರ ಮುಂಗೈ ಹಿಡಿದುಕೊಂಡೆ. ಬಿಗಿಯಾಗಿಯೇ ಹಿಡಿದೆ. ಅಣ್ಣ ಕರ್ಚೀಫು ಮಡಚುತ್ತ ಆ ಕಡೆ ತಿರುಗಿದ್ದರು. ‘ಅಕ್ಕ, ಸಂಜೆಗೆ ಬೇರೆಯವ್ರಿಗೆ ಕೊಟ್ಬಿಡ್ತಾರೆ,’ ಎಂದೆ ಮೆಲ್ಲಗೆ. ‘ಇನ್ನೊಂದ್ ಮಾತು ಹೇಳಿ. ಒಂದೇ ಮಾತು.’

ಅವರು ನನ್ನ ಕಣ್ಣನ್ನೇ ನೋಡಿದರು.

‘ಬಿಡು,’ ಎಂದರು.

ಅದರಲ್ಲಿ ಎರಡನೆಯ ಅರ್ಥವೇ ಇರಲಿಲ್ಲ. ಅಷ್ಟು ಖಡಾಖಂಡಿತವಾಗಿ ಅವರು ಯಾರಿಗೂ ಏನನ್ನೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ದೊಡ್ಡ ಜಗತ್ತಿನಲ್ಲಿ ಆ ಮಾತು ಹೇಳಲು ಅವರಿಗೆ ನಾನೊಬ್ಬಳೇ ಸಿಕ್ಕಿದೆನೇ ಎನಿಸಿತು. ಕೈ ಬಿಟ್ಟೆ. ಅವರು ಹೆಲ್ಮೆಟ್ ಹಾಕಿಕೊಂಡು ಅಣ್ಣನ ಹಿಂದೆ ಕೂತರು.